ಬೆಂಗಳೂರು–ಮಂಗಳೂರು: ದೂರ ಎಷ್ಟು, ಹೊತ್ತು ಎಷ್ಟು? ರಸ್ತೆ ಮತ್ತು ವಿಮಾನದ ಲೆಕ್ಕ ನೀವೇ ಹಾಕುವ ವಿಧಾನ

ಬೆಂಗಳೂರಿನಿಂದ ಮಂಗಳೂರಿಗೆ ಎಷ್ಟು ದೂರ ಎಂದು ಹುಡುಕಿ ನೋಡಿ. ಒಂದು ಕಡೆ 297 ಕಿ.ಮೀ. ಎಂದಿರುತ್ತದೆ, ಇನ್ನೊಂದು ಕಡೆ 350. ವಿಮಾನಕ್ಕೆ ಒಂದು ಕಡೆ 22 ನಿಮಿಷ, ಇನ್ನೊಂದು ಕಡೆ ಒಂದು ಗಂಟೆ. ಪ್ರತಿಯೊಂದರ ಹಿಂದೆಯೂ ಒಂದು ಲೆಕ್ಕ ಇದೆ. ಆದರೂ ಯಾವುದೋ ಒಂದನ್ನು ನಂಬಿ ಹೊರಟವರು ಮುಹೂರ್ತ ಮುಗಿದ ಮೇಲೆ ಮದುವೆ ಮನೆ ತಲುಪುತ್ತಾರೆ, ಇಲ್ಲವೇ ಏರ್‌ಪೋರ್ಟ್‌ನಲ್ಲಿ ಕೌಂಟರ್ ಮುಚ್ಚಿದ ಮೇಲೆ ಓಡಿ ಬರುತ್ತಾರೆ. ಕೇಳಿದರೆ ಎಲ್ಲರದ್ದೂ ಒಂದೇ ಮಾತು: "ಮ್ಯಾಪ್‌ನಲ್ಲಿ ಅಷ್ಟೇ ತೋರಿಸಿತ್ತು."

ಲೆಕ್ಕ ಕಷ್ಟದ್ದೇನಲ್ಲ, ಆದರೆ ಅದಕ್ಕೊಂದು ಕ್ರಮ ಇದೆ. ಆ ಕ್ರಮವನ್ನು ಬೆಂಗಳೂರು–ಮಂಗಳೂರು ದಾರಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಬಯಲು, ಘಾಟಿ, ಮಳೆ, ಊರ ಹೊರಗಿನ ಏರ್‌ಪೋರ್ಟ್ ಎಲ್ಲವೂ ಇದೊಂದೇ ದಾರಿಯಲ್ಲಿ ಸಿಗುತ್ತವೆ. ಇದು ಬಂದರೆ ಬೇರೆ ಯಾವ ಎರಡು ಊರಿಗಾದರೂ ಹಾಕಬಹುದು.

ಏನೇನು ಬೇಕು

ಫೋನಿನಲ್ಲಿ ಒಂದು ಮ್ಯಾಪ್, ಒಂದು ಕ್ಯಾಲ್ಕುಲೇಟರ್, ಬರೆದುಕೊಳ್ಳಲು ಒಂದು ಹಾಳೆ. ವಿಮಾನದ ಲೆಕ್ಕಕ್ಕೆ ಟಿಕೆಟ್ ಅಥವಾ ವೇಳಾಪಟ್ಟಿ ಕೈಯಲ್ಲಿರಲಿ. ಹಾಳೆ ಯಾಕೆ ಅಂದರೆ, ಐದಾರು ತುಂಡುಗಳ ಸಮಯವನ್ನು ಮನಸ್ಸಿನಲ್ಲೇ ಕೂಡಿಸುವಾಗ ಅರ್ಧ ಗಂಟೆ ಎಲ್ಲಿ ಬಿಟ್ಟುಹೋಯಿತು ಎಂದು ಗೊತ್ತೇ ಆಗುವುದಿಲ್ಲ.

ಹಂತ 1: ಎಲ್ಲಿಂದ ಎಲ್ಲಿಗೆ ಎಂದು ಸರಿಯಾಗಿ ಬರೆಯಿರಿ

"ಬೆಂಗಳೂರು" ಎಂದರೆ ಸಾಲದು. ಜಯನಗರವೋ ಯಲಹಂಕವೋ ದಾಸರಹಳ್ಳಿಯೋ ಬರೆಯಿರಿ. ದಾಸರಹಳ್ಳಿಯವರು ಮಂಗಳೂರು ದಾರಿಯ ಮೇಲೇ ಇದ್ದಾರೆ. ಜಯನಗರದವರು ಊರು ದಾಟುವಷ್ಟರಲ್ಲೇ ಒಂದು ಗಂಟೆ ಹೋಗಿರುತ್ತದೆ. ಮಂಗಳೂರಿನ ಕಡೆಯೂ ಹಾಗೇ. ಹಂಪನಕಟ್ಟೆ, ಸುರತ್ಕಲ್, ಪುತ್ತೂರು ಮೂರಕ್ಕೂ ಜನ "ಮಂಗಳೂರಿಗೆ ಹೋಗ್ತಿದ್ದೀನಿ" ಎಂದೇ ಹೇಳುವುದು. ಲೆಕ್ಕ ಮಾತ್ರ ಮೂರು ಬೇರೆ.

ಒಂದೇ ಹೆಸರಿನ ಊರುಗಳ ಬಗ್ಗೆ ಎಚ್ಚರ. ಸಾಲಿಗ್ರಾಮ ಉಡುಪಿ ಜಿಲ್ಲೆಯಲ್ಲೂ ಇದೆ, ಮೈಸೂರು ಜಿಲ್ಲೆಯಲ್ಲೂ ಇದೆ. ಉಡುಪಿ ಜಿಲ್ಲೆಯ ಕೋಟ ಹುಡುಕಿದರೆ ರಾಜಸ್ಥಾನದ ಕೋಟಾ ಬರಬಹುದು. ಪಿನ್ ಬಿದ್ದ ಮೇಲೆ ಮ್ಯಾಪ್ ದೊಡ್ಡದು ಮಾಡಿ, ಅಕ್ಕಪಕ್ಕದ ಊರು, ರಸ್ತೆ ನಿಮಗೆ ಗೊತ್ತಿರುವುದೇ ಎಂದು ಒಮ್ಮೆ ನೋಡಿ. ಹತ್ತು ಸೆಕೆಂಡಿನ ಕೆಲಸ.

ಹಂತ 2: ನೇರ ದೂರ ತೆಗೆಯಿರಿ

ಎರಡು ಊರುಗಳ ನಡುವೆ ನೆಲದ ಮೇಲೆ ನೇರ ಗೆರೆ ಎಳೆದರೆ ಸಿಗುವುದು ಈ ದೂರ. 297 ಎಂದು ತೋರಿಸುವ ಕಡೆ ಇರುವುದು ಇದೇ. ಮ್ಯಾಪ್‌ನಲ್ಲಿ ಒಂದು ಜಾಗವನ್ನು ಒತ್ತಿ ಹಿಡಿದರೆ ಪಿನ್ ಬೀಳುತ್ತದೆ, ದೂರ ಅಳೆಯುವ ಆಯ್ಕೆ ಅಲ್ಲೇ ಸಿಗುತ್ತದೆ.

ಕೈಯಲ್ಲೇ ಹಾಕುವುದಾದರೂ ಸುಲಭ. ಬೆಂಗಳೂರಿನ ಅಕ್ಷಾಂಶ 12.97, ರೇಖಾಂಶ 77.59. ಮಂಗಳೂರಿನದು 12.91 ಮತ್ತು 74.86. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿ.ಮೀ. ರೇಖಾಂಶದ ಒಂದು ಡಿಗ್ರಿ ಧ್ರುವದ ಕಡೆ ಹೋದಂತೆ ಕಿರಿದಾಗುತ್ತದೆ. ಬೆಂಗಳೂರು, ಮಂಗಳೂರು ಇರುವ 13 ಡಿಗ್ರಿಯ ಹತ್ತಿರ ಅದು ಸುಮಾರು 108.5 ಕಿ.ಮೀ. ಅಕ್ಷಾಂಶದ ವ್ಯತ್ಯಾಸ 0.06, ಅಂದರೆ 7 ಕಿ.ಮೀ. ರೇಖಾಂಶದ ವ್ಯತ್ಯಾಸ 2.73, ಅಂದರೆ 296 ಕಿ.ಮೀ. ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ 296 ಬರುತ್ತದೆ. ಒಂದೆರಡು ಕಿ.ಮೀ. ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ, ಪಿನ್ ಎಲ್ಲಿ ಚುಚ್ಚಿದಿರಿ ಎನ್ನುವುದರ ಮೇಲೆ ಅದು ಬದಲಾಗುತ್ತದೆ. ಈ ಅಡ್ಡದಾರಿ ಕರ್ನಾಟಕದ ಒಳಗೆ ಚೆನ್ನಾಗಿ ಹೊಂದುತ್ತದೆ. ಸಾವಿರಾರು ಕಿ.ಮೀ. ದೂರಕ್ಕೆ ಮ್ಯಾಪ್‌ನ ಅಳತೆಯನ್ನೇ ಬಳಸಿ.

ಈ ದೂರವನ್ನು ಯಾರೂ ಪ್ರಯಾಣ ಮಾಡುವುದಿಲ್ಲ. ಇದರ ಉಪಯೋಗ ಮುಂದಿನ ಹಂತದಲ್ಲಿದೆ.

ಹಂತ 3: ರಸ್ತೆಯ ದೂರ ತೆಗೆದು, ನೇರ ದೂರದ ಜೊತೆ ತಾಳೆ ನೋಡಿ

ಬೆಂಗಳೂರು–ಮಂಗಳೂರು ಮುಖ್ಯ ದಾರಿ ರಾಷ್ಟ್ರೀಯ ಹೆದ್ದಾರಿ 75. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಉಪ್ಪಿನಂಗಡಿ, ಬಿ.ಸಿ.ರೋಡ್ ಮೇಲೆ ಸುಮಾರು 350 ಕಿ.ಮೀ. ಮ್ಯಾಪ್ ಕೆಲವೊಮ್ಮೆ ನಿಮಗೆ ಹೇಳದೇ ಬೇರೆ ದಾರಿ ಹಿಡಿಸುತ್ತದೆ. ಅದಕ್ಕೇ ಸಕಲೇಶಪುರ ಮತ್ತು ಘಾಟಿಯ ಕೆಳಗಿನ ಗುಂಡ್ಯವನ್ನು ನಡುವಿನ ನಿಲ್ದಾಣಗಳಾಗಿ ಸೇರಿಸಿ. ಆಗ ದಾರಿ ಕದಲುವುದಿಲ್ಲ.

ಈಗ ರಸ್ತೆ ದೂರವನ್ನು ನೇರ ದೂರದಿಂದ ಭಾಗಿಸಿ. 350 ಭಾಗ 296 ಅಂದರೆ 1.18. ಬೆಂಗಳೂರು–ಹುಬ್ಬಳ್ಳಿಗೆ ನೇರ ದೂರ ಸುಮಾರು 376, ರಸ್ತೆ ಸುಮಾರು 410, ಅಲ್ಲಿಗೆ 1.09. ಮಡಿಕೇರಿ–ಮಂಗಳೂರು ನೇರವಾಗಿ 110, ರಸ್ತೆಯಲ್ಲಿ 138 ಕಿ.ಮೀ. ಆಸುಪಾಸು; ಅದು 1.25. ಬಯಲು ಹೆದ್ದಾರಿಗೆ 1.1ರ ಸುತ್ತ, ಘಾಟಿ ಇದ್ದರೆ 1.2ರಿಂದ 1.3 ಎಂದು ನಾನು ಇಟ್ಟುಕೊಳ್ಳುತ್ತೇನೆ. ರಸ್ತೆ ದೂರ ನೇರ ದೂರಕ್ಕಿಂತ ಕಡಿಮೆ ಬಂದರೆ ಪಿನ್ ತಪ್ಪಿದೆ. 1.5 ದಾಟಿದರೆ ಮಧ್ಯೆ ಕಾಡೋ ಹಿನ್ನೀರೋ ಇದೆ, ಇಲ್ಲವೇ ಮ್ಯಾಪ್ ಸುತ್ತುದಾರಿ ಹಿಡಿದಿದೆ. ಯಾವುದು ಎಂದು ನೋಡಿಯೇ ಮುಂದೆ ಹೋಗಿ.

ಹಳೆಯ ಅಂಕಿಗಳ ಬಗ್ಗೆಯೂ ಹುಷಾರಾಗಿರಿ. ಶರಾವತಿ ಹಿನ್ನೀರಿನ ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಓಡಾಟಕ್ಕೆ ತೆರೆಯಿತು. ಅದಕ್ಕೂ ಮೊದಲು ಸಾಗರ–ಕೊಲ್ಲೂರು ನಡುವೆ ಲಾಂಚ್ ಹತ್ತಬೇಕಿತ್ತು ಅಥವಾ ಸುತ್ತಿ ಹೋಗಬೇಕಿತ್ತು. ಆ ಕಾಲದ ಪಟ್ಟಿ ನೋಡಿ ಹೊರಟರೆ ದೂರವೂ ತಪ್ಪು, ಹೊತ್ತೂ ತಪ್ಪು.

ಹಂತ 4: ರಸ್ತೆಯನ್ನು ತುಂಡು ಮಾಡಿ ಹೊತ್ತು ಹಾಕಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. 350 ಕಿ.ಮೀ.ಯನ್ನು 70ರಿಂದ ಭಾಗಿಸಿ "ಐದು ಗಂಟೆ ಸಾಕು" ಎನ್ನುತ್ತಾರೆ. ಹಾಸನದವರೆಗೆ ಆ ವೇಗ ಸಿಗುತ್ತದೆ ನಿಜ. ಆಮೇಲೆ?

ತುಂಡು ಮಾಡುವ ನಿಯಮ ಇಷ್ಟೇ: ರಸ್ತೆಯ ಗುಣ ಬದಲಾಗುವ ಕಡೆಯೆಲ್ಲಾ ಕತ್ತರಿಸಿ. ಕಾರಿನಲ್ಲಿ, ಮಳೆಯಿಲ್ಲದ ಸಾಧಾರಣ ದಿನಕ್ಕೆ ನಾನು ಹಾಕುವ ಲೆಕ್ಕ ಹೀಗಿದೆ.

ಮೆಜೆಸ್ಟಿಕ್–ನೆಲಮಂಗಲ: 28 ಕಿ.ಮೀ., 60 ನಿಮಿಷ
ನೆಲಮಂಗಲ–ಹಾಸನ: 157 ಕಿ.ಮೀ., ಗಂಟೆಗೆ 70ರಂತೆ 135 ನಿಮಿಷ
ಹಾಸನ–ಸಕಲೇಶಪುರ: 40 ಕಿ.ಮೀ., ಗಂಟೆಗೆ 50ರಂತೆ 48 ನಿಮಿಷ
ಸಕಲೇಶಪುರ–ಗುಂಡ್ಯ: 40 ಕಿ.ಮೀ., ಗಂಟೆಗೆ 35ರಂತೆ 70 ನಿಮಿಷ
ಗುಂಡ್ಯ–ಬಿ.ಸಿ.ರೋಡ್: 55 ಕಿ.ಮೀ., ಗಂಟೆಗೆ 45ರಂತೆ 73 ನಿಮಿಷ
ಬಿ.ಸಿ.ರೋಡ್–ಹಂಪನಕಟ್ಟೆ: 25 ಕಿ.ಮೀ., 40 ನಿಮಿಷ

ಕೂಡಿಸಿದರೆ 426 ನಿಮಿಷ, ಅಂದರೆ 7 ಗಂಟೆ 6 ನಿಮಿಷ. ದೂರಗಳು ಸುಮಾರಿನವು, ನಿಮ್ಮ ಪಿನ್‌ಗೆ ತಕ್ಕ ಹಾಗೆ ತಿದ್ದಿಕೊಳ್ಳಿ.

ಪ್ರತಿ ತುಂಡಿಗೂ ಬೇರೆ ಬೇರೆಯಾಗಿ ಹೊತ್ತು ತೆಗೆದು ಆಮೇಲೆ ಕೂಡಿಸಿ. ಎರಡು ವೇಗಗಳ ಸರಾಸರಿ ತೆಗೆದು ಒಟ್ಟು ದೂರಕ್ಕೆ ಭಾಗಿಸಬೇಡಿ. 40 ಕಿ.ಮೀ. 70ರ ವೇಗದಲ್ಲಿ, ಮುಂದಿನ 40 ಕಿ.ಮೀ. 35ರ ವೇಗದಲ್ಲಿ ಹೋದರೆ ಸರಾಸರಿ 52 ಆಗುವುದಿಲ್ಲ. 34 ನಿಮಿಷ ಮತ್ತು 69 ನಿಮಿಷ, ಒಟ್ಟು 103 ನಿಮಿಷಕ್ಕೆ 80 ಕಿ.ಮೀ.; ಅಂದರೆ ಗಂಟೆಗೆ 47 ಕೂಡ ದಾಟಲಿಲ್ಲ. ನಿಧಾನದ ತುಂಡು ಯಾವಾಗಲೂ ಜಾಸ್ತಿ ಹೊತ್ತು ತಿನ್ನುತ್ತದೆ.

ಶಿರಾಡಿ ಘಾಟಿಯ ತುಂಡಿಗೆ 35 ಎಂದು ಹಾಕಿದ್ದಕ್ಕೆ ಕಾರಣ ಇದೆ. ಮಂಗಳೂರಿನಿಂದ ಗ್ಯಾಸ್ ಸಾಗಿಸುವ ಬುಲೆಟ್ ಟ್ಯಾಂಕರ್‌ಗಳು ಈ ಘಾಟಿಯಲ್ಲೇ ಓಡಾಡುತ್ತವೆ. ಘಾಟಿಯಲ್ಲಿ ಅವು ತೆವಳುತ್ತವೆ. ಒಂದು ಟ್ಯಾಂಕರ್, ಅದರ ಹಿಂದೆ ಎರಡು ಲಾರಿ, ಆಮೇಲೆ ಸಾಲಾಗಿ ಕಾರು, ಬಸ್ಸು. ತಿರುವಿನಲ್ಲಿ ಎದುರು ಏನು ಬರುತ್ತಿದೆ ಕಾಣುವುದಿಲ್ಲ, ಹಿಂದಿನ ಬಸ್ಸಿನವನು ಹಾರ್ನ್ ಬಿಡುವುದಿಲ್ಲ, ಕ್ಲಚ್ ಸುಟ್ಟ ವಾಸನೆ ಕಿಟಕಿಯೊಳಗೆ ಬರುತ್ತದೆ. ಆ ಹೊತ್ತಿನಲ್ಲಿ "ತಡವಾಯ್ತು" ಎಂಬ ಚಿಂತೆ ತಲೆಯಲ್ಲಿದ್ದರೆ ಓವರ್‌ಟೇಕ್‌ಗೆ ಕೈ ಹೋಗುತ್ತದೆ. ಲೆಕ್ಕದಲ್ಲಿ ಮೊದಲೇ 70 ನಿಮಿಷ ಇಟ್ಟಿದ್ದರೆ ಸುಮ್ನೆ ಹಿಂದೆ ಹೋಗಬಹುದು. ಸಮಯದ ಲೆಕ್ಕ ಸರಿ ಹಾಕಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಹೋಲಿಸಿ ನೋಡಿ: ಹುಬ್ಬಳ್ಳಿ ಮಂಗಳೂರಿಗಿಂತ 60 ಕಿ.ಮೀ. ದೂರ. ಆದರೆ ಹೆದ್ದಾರಿ 48ರಲ್ಲಿ ಘಾಟಿ ಇಲ್ಲ. ಆರೂವರೆ ಗಂಟೆಯ ಸುಮಾರಿಗೆ ಹುಬ್ಬಳ್ಳಿ ಸೇರಿರುತ್ತೀರಿ.

ಹಂತ 5: ನಿಲ್ಲುವ ಹೊತ್ತು, ದಿನ, ಮಳೆ ಸೇರಿಸಿ

ಮ್ಯಾಪ್ ತೋರಿಸುವ ಸಮಯದಲ್ಲಿ ತಿಂಡಿ ಇಲ್ಲ, ಶೌಚಾಲಯ ಇಲ್ಲ, ಪೆಟ್ರೋಲ್ ಬಂಕ್ ಇಲ್ಲ. ಎರಡು ಗಂಟೆಗೊಮ್ಮೆ ಒಂದು ಸಲ ನಿಲ್ಲುವುದು ಎಂದಿಟ್ಟರೆ ಈ ದಾರಿಗೆ ಕನಿಷ್ಠ 50 ನಿಮಿಷ. ಮಕ್ಕಳು, ವಯಸ್ಸಾದವರು ಇದ್ದರೆ ಇನ್ನೂ ಅರ್ಧ ಗಂಟೆ. ಅಲ್ಲಿಗೆ ಕಾರಿನ ಪ್ರಯಾಣ ಸುಮಾರು 8 ಗಂಟೆ ಆಯಿತು.

ಆಮೇಲೆ ದಿನ. ಶುಕ್ರವಾರ ಸಂಜೆ ಗೊರಗುಂಟೆಪಾಳ್ಯದಿಂದ ನೆಲಮಂಗಲ ದಾಟುವುದೇ ಒಂದು ಪ್ರಯಾಣ. ಭಾನುವಾರ ರಾತ್ರಿ ಅದೇ ಜಾಗದಲ್ಲಿ ಒಳಬರುವವರ ಸಾಲು. ದಸರಾ, ದೀಪಾವಳಿ, ಗಣೇಶ ಹಬ್ಬದ ಹಿಂದಿನ ದಿನವೂ ಅಷ್ಟೇ. ಮ್ಯಾಪ್‌ನಲ್ಲಿ ಹೊರಡುವ ಸಮಯ ಹಾಕುವ ಆಯ್ಕೆ ಇದೆ. ಮಂಗಳವಾರ ಮಧ್ಯಾಹ್ನ ಸೋಫಾ ಮೇಲೆ ಕೂತು ನೋಡಿದ ಸಮಯ ಶುಕ್ರವಾರ ಸಂಜೆಗೆ ಹೊಂದುವುದಿಲ್ಲ. ಹೊರಡುವ ದಿನ, ಗಂಟೆ ಹಾಕಿ ನೋಡಿ. ಕನಿಷ್ಠ, ಗರಿಷ್ಠ ಎಂದು ಎರಡು ತೋರಿಸಿದರೆ ಗರಿಷ್ಠವನ್ನೇ ಬರೆದುಕೊಳ್ಳಿ.

ಮಳೆಗಾಲ ಬೇರೆಯೇ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿ ತೆರೆದಿದೆಯೇ ಎಂದು ನೋಡದೇ ಹೊರಡಬೇಡಿ. 2018ರ ಆಗಸ್ಟ್‌ನಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದಿತ್ತು. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಪಲೆಯಲ್ಲಿ ಮಣ್ಣು ರಸ್ತೆಗೆ ಬಂದು ಓಡಾಟ ನಿಂತಿತ್ತು. ಬದಲಿ ದಾರಿಗಳ ಅಂಕಿ ಹಾಳೆಯಲ್ಲಿ ಮೊದಲೇ ಇರಲಿ. ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ ಮೇಲೆ ಹೋದರೆ ಒಟ್ಟು ಸುಮಾರು 370 ಕಿ.ಮೀ. ಮೈಸೂರು, ಮಡಿಕೇರಿ, ಸಂಪಾಜೆ, ಸುಳ್ಯ ಮೇಲೆ ಸುಮಾರು 400. ಚಾರ್ಮಾಡಿಯಲ್ಲಿ ದೂರ ಸ್ವಲ್ಪವೇ ಜಾಸ್ತಿ, ಆದರೆ ರಸ್ತೆ ಕಿರಿದು, ತಿರುವು ಕಡಿದು, ಮಂಜು ಬೇರೆ. ದೊಡ್ಡ ವಾಹನಗಳಿಗೆ ಅಲ್ಲಿ ಬಿಡುವುದಿಲ್ಲ, ಮಳೆಗಾಲದಲ್ಲಿ ರಾತ್ರಿ ಓಡಾಟಕ್ಕೂ ನಿರ್ಬಂಧ ಹಾಕುತ್ತಾರೆ. ಆ ದಾರಿ ಹಿಡಿದರೆ ಒಂದು ಗಂಟೆ ಹೆಚ್ಚು ಇಡಿ.

ಎಚ್ಚರಿಕೆಯ ಗುರುತುಗಳು: ಹವಾಮಾನ ಇಲಾಖೆ ದಕ್ಷಿಣ ಕನ್ನಡಕ್ಕೋ ಹಾಸನಕ್ಕೋ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟಿರುವುದು. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟಿರುವುದು. ಎದುರಿನಿಂದ ಬರುವ ವಾಹನಗಳು ಇದ್ದಕ್ಕಿದ್ದಂತೆ ಕಡಿಮೆಯಾಗುವುದು. ಕೊನೆಯದ್ದನ್ನು ಮ್ಯಾಪ್ ಹೇಳುವುದಿಲ್ಲ, ಕಣ್ಣಿಟ್ಟು ನೀವೇ ನೋಡಬೇಕು. ಘಾಟಿಯಲ್ಲಿ ಹಲವು ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಆದ್ದರಿಂದ ಆ ಭಾಗದ ಮ್ಯಾಪ್ ಹಾಸನಕ್ಕೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಹಂತ 6: ವಿಮಾನದ ಹೊತ್ತನ್ನು ಭಾಗಾಕಾರದಿಂದ ತೆಗೆಯಬೇಡಿ

297 ಕಿ.ಮೀ.ಯನ್ನು ಗಂಟೆಗೆ 800ರಿಂದ ಭಾಗಿಸಿದರೆ 22 ನಿಮಿಷ ಬರುತ್ತದೆ. ಆ 22 ನಿಮಿಷ ಹುಟ್ಟುವುದು ಹೀಗೆ. ಇದರಲ್ಲಿ ಎರಡು ತಪ್ಪಿವೆ.

ಒಂದು, ವಿಮಾನ ಹಾರುವುದು ಊರಿಂದ ಊರಿಗಲ್ಲ, ದೇವನಹಳ್ಳಿಯಿಂದ ಬಜ್ಪೆಗೆ. ಆ ಎರಡು ಏರ್‌ಪೋರ್ಟ್‌ಗಳ ನೇರ ದೂರ ಸುಮಾರು 306 ಕಿ.ಮೀ. ಎರಡು, 800ರ ವೇಗ ಮೇಲೆ ಹೋದ ಮೇಲಿನದು. ರನ್‌ವೇವರೆಗೆ ಉರುಳಬೇಕು, ಸರದಿ ಕಾಯಬೇಕು, ಏರಬೇಕು, ಇಳಿಯಬೇಕು, ಮತ್ತೆ ಉರುಳಿ ನಿಲ್ಲಬೇಕು. ಹಾಗಾಗಿ ನೇರ ದೂರದ ಭಾಗಾಕಾರಕ್ಕೆ 30 ನಿಮಿಷ ಕೂಡಿಸಿ. 306ಕ್ಕೆ 23 ಮತ್ತು 30, ಅಂದರೆ 53 ನಿಮಿಷ. ರೆಕ್ಕೆಗೆ ಫ್ಯಾನ್ ಇರುವ ಎಟಿಆರ್ ವಿಮಾನವಾದರೆ ವೇಗ 500ರ ಸುಮಾರು. 37 ಮತ್ತು 30 ಸೇರಿ 67 ನಿಮಿಷ. ಟಿಕೆಟ್‌ನಲ್ಲಿ ಒಂದು ಗಂಟೆಯ ಆಸುಪಾಸು ಇರುವುದು ಇದಕ್ಕೇ. ಬೆಂಗಳೂರು–ದೆಹಲಿ ಸುಮಾರು 1,700 ಕಿ.ಮೀ., ಇದೇ ಲೆಕ್ಕದಲ್ಲಿ 2 ಗಂಟೆ 37 ನಿಮಿಷ ಬರುತ್ತದೆ. ಟಿಕೆಟ್ ಸಮಯವೂ ಅದಕ್ಕೆ ಹತ್ತಿರವೇ ಇರುತ್ತದೆ.

ಟಿಕೆಟ್ ಕೈಯಲ್ಲಿದ್ದರೆ ಅದನ್ನೇ ನಂಬಿ. ಅದರಲ್ಲಿರುವ ಹೊರಡುವ ಸಮಯ ಅಂದರೆ ವಿಮಾನ ನಿಂತ ಜಾಗ ಬಿಡುವ ಹೊತ್ತು, ತಲುಪುವ ಸಮಯ ಅಂದರೆ ಅಲ್ಲಿ ಬಂದು ನಿಲ್ಲುವ ಹೊತ್ತು.

ಗಲ್ಫ್‌ಗೆ ಹೋಗುವ ಕರಾವಳಿಯವರು ಇಲ್ಲಿ ಇನ್ನೊಂದು ನೋಡಬೇಕು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಮಂಗಳೂರಿನಲ್ಲಿ 10 ಗಂಟೆಗೆ ಹೊರಟು ದುಬೈಗೆ 12.10ಕ್ಕೆ ಎಂದು ಟಿಕೆಟ್‌ನಲ್ಲಿದ್ದರೆ ಪ್ರಯಾಣ 2 ಗಂಟೆ 10 ನಿಮಿಷ ಅಲ್ಲ, 3 ಗಂಟೆ 40 ನಿಮಿಷ. ವಾಪಸ್ಸು ಬರುವಾಗ ಒಂದೂವರೆ ಗಂಟೆ ಕಳೆಯಬೇಕು.

ಹಂತ 7: ಮನೆ ಬಾಗಿಲಿನಿಂದ ಬಾಗಿಲಿಗೆ ಹೋಲಿಸಿ

ಕಾರಿನ 8 ಗಂಟೆಯ ಪಕ್ಕ ವಿಮಾನದ 1 ಗಂಟೆ ಇಟ್ಟು ನೋಡುವುದು ದೊಡ್ಡ ತಪ್ಪು. ಜಯನಗರದಿಂದ ಹಂಪನಕಟ್ಟೆಗೆ ವಿಮಾನದ ಪೂರ್ತಿ ಲೆಕ್ಕ ಹಾಕೋಣ. ಏರ್‌ಪೋರ್ಟ್ 40 ಕಿ.ಮೀ. ಮೇಲಿದೆ, ಹೆಬ್ಬಾಳ ದಾಟಬೇಕು, 90 ನಿಮಿಷ. ವಿಮಾನ ಹೊರಡುವುದಕ್ಕೆ 105 ನಿಮಿಷ ಮೊದಲು ಅಲ್ಲಿರಬೇಕು. ವಿಮಾನ 65 ನಿಮಿಷ. ಇಳಿದು ಬ್ಯಾಗ್ ತೆಗೆದುಕೊಳ್ಳಲು 30. ಬಜ್ಪೆಯಿಂದ ಊರೊಳಗೆ 40. ಒಟ್ಟು 330 ನಿಮಿಷ, ಐದೂವರೆ ಗಂಟೆ. ಉಳಿಯುವುದು ಎರಡೂವರೆ ಗಂಟೆ ಮಾತ್ರ.

ಈಗ ಮನೆ ಬದಲಿಸಿ. ಯಲಹಂಕದವರಿಗೆ ಏರ್‌ಪೋರ್ಟ್ 35 ನಿಮಿಷ, ಒಟ್ಟು ನಾಲ್ಕೂವರೆ ಗಂಟೆ ಚಿಲ್ಲರೆ. ಅವರಿಗೆ ವಿಮಾನ ನಿಜಕ್ಕೂ ಲಾಭ. ಇನ್ನು ಜಯನಗರದವರು ಹೋಗಬೇಕಾದದ್ದು ಪುತ್ತೂರಿಗೆ ಎನ್ನಿ. ಬಜ್ಪೆಯಿಂದ ಪುತ್ತೂರಿಗೆ 100 ನಿಮಿಷ ಬೇಕು, ವಿಮಾನದ ಒಟ್ಟು ಆರೂವರೆ ಗಂಟೆ ಆಗುತ್ತದೆ. ಕಾರಿನವರು ಉಪ್ಪಿನಂಗಡಿಯಲ್ಲೇ ಪುತ್ತೂರಿಗೆ ತಿರುಗುತ್ತಾರೆ, ನಿಲ್ಲುವ ಹೊತ್ತೂ ಸೇರಿ ಏಳು ಗಂಟೆ ಹತ್ತು ನಿಮಿಷ. ನಲವತ್ತು ನಿಮಿಷಕ್ಕೋಸ್ಕರ ಟಿಕೆಟ್, ಎರಡು ಕಡೆ ಟ್ಯಾಕ್ಸಿ ಬೇಕಾ? ನಾಲ್ಕು ಜನ ಹೋಗುತ್ತಿದ್ದರೆ ನಾನು ಬೇಡ ಎನ್ನುತ್ತೇನೆ. ಉಡುಪಿ, ಮಣಿಪಾಲಕ್ಕಾದರೆ ಲೆಕ್ಕ ಮತ್ತೆ ವಿಮಾನದ ಕಡೆ ವಾಲುತ್ತದೆ.

105 ನಿಮಿಷವನ್ನು ಕಡಿಮೆ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ದೇಶದೊಳಗಿನ ವಿಮಾನಗಳಿಗೆ ಬ್ಯಾಗ್ ಕೊಡುವ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುತ್ತದೆ, ಬೋರ್ಡಿಂಗ್ ಗೇಟ್ 25 ನಿಮಿಷ ಮೊದಲು. ಕೈಚೀಲ ಮಾತ್ರ ಇದ್ದು, ವೆಬ್ ಚೆಕ್-ಇನ್ ಆಗಿ, ಮುಖ ಗುರುತಿಸಿ ಒಳಬಿಡುವ ಡಿಜಿಯಾತ್ರಾ ಇದ್ದರೆ 75 ನಿಮಿಷಕ್ಕೆ ಇಳಿಸಬಹುದು. ಅದಕ್ಕಿಂತ ಕೆಳಗೆ ಬೇಡ. ಟಿಕೆಟ್‌ನಲ್ಲಿ ಟರ್ಮಿನಲ್ ಒಂದೋ ಎರಡೋ ಎಂದು ಮನೆ ಬಿಡುವ ಮೊದಲೇ ನೋಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ದೇವನಹಳ್ಳಿಯಲ್ಲಿ ಬೆಳಗಿನ ಮಂಜಿಗೆ ವಿಮಾನ ತಡವಾಗುವುದುಂಟು. ಜೋರು ಮಳೆಯಲ್ಲಿ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ಸರಿಯಾಗಿ ಕಾಣದೆ ವಿಮಾನ ಬೇರೆ ಊರಿಗೆ ತಿರುಗುವುದೂ ಉಂಟು.

ಹಂತ 8: ತಲುಪಬೇಕಾದ ಹೊತ್ತಿನಿಂದ ಹಿಂದಕ್ಕೆ ಎಣಿಸಿ

ಹೊರಡುವ ಸಮಯದಿಂದ ಮುಂದಕ್ಕೆ ಎಣಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದೇ ಅನ್ನಿಸುತ್ತದೆ. ಹಿಂದಿನಿಂದ ಎಣಿಸಿ. ಮಂಗಳೂರಿನ ಕಲ್ಯಾಣ ಮಂಟಪದಲ್ಲಿ ಬೆಳಿಗ್ಗೆ 10.30ಕ್ಕೆ ಇರಬೇಕು ಎನ್ನಿ. ಬ್ಯಾಗ್‌ಗೆ 30, ಊರೊಳಗೆ ಬರಲು 40, ಒಟ್ಟು 70 ನಿಮಿಷ ಹಿಂದೆ ಹೋದರೆ ವಿಮಾನ 9.20ಕ್ಕೆ ಇಳಿದಿರಬೇಕು, 8.15ಕ್ಕೆ ಹೊರಟಿರಬೇಕು. 6.30ಕ್ಕೆ ನೀವು ಏರ್‌ಪೋರ್ಟ್‌ನಲ್ಲಿ. ಬೆಳಗಿನ ಜಾವ ರಸ್ತೆ ಖಾಲಿ, ಜಯನಗರದಿಂದ 75 ನಿಮಿಷ ಸಾಕು, 5.15ಕ್ಕೆ ಮನೆ ಬಿಡಬೇಕು. ಆ ಹೊತ್ತಿಗೆ ಹೊಂದುವ ವಿಮಾನ ಇಲ್ಲದಿದ್ದರೆ ಅದಕ್ಕಿಂತ ಮೊದಲಿನದು ಹಿಡಿಯಿರಿ, ಆಮೇಲಿನದು ಬೇಡ.

ಕಾರಿನಲ್ಲಾದರೆ 8 ಗಂಟೆ ಹಿಂದೆ, ಅಂದರೆ ರಾತ್ರಿ 2.30. ನಿದ್ದೆಗೆಟ್ಟು ಘಾಟಿ ಇಳಿಯುವ ಲೆಕ್ಕ ಅದು. ದಯವಿಟ್ಟು ಬೇಡ. ಹಿಂದಿನ ದಿನ ಬೆಳಿಗ್ಗೆ 6ಕ್ಕೆ ಹೊರಡಿ, ನೆಲಮಂಗಲದ ಜಂಜಾಟವೂ ಇರುವುದಿಲ್ಲ, 10ರ ಹೊತ್ತಿಗೆ ಹಾಸನ. ಮಳೆಗಾಲವಾದರೆ ಹಾಸನದಲ್ಲಿ ಕಾಫಿಗೆ ನಿಂತಾಗ ಶಿರಾಡಿಯ ಸುದ್ದಿ ವಿಚಾರಿಸಿ. ಮುಚ್ಚಿದ್ದರೆ ಅಲ್ಲಿಂದಲೇ ಬೇಲೂರಿನ ಕಡೆ ತಿರುಗಿ ಹಗಲಿರುವಾಗಲೇ ಚಾರ್ಮಾಡಿ ಇಳಿಯಬಹುದು. ಸಕಲೇಶಪುರ ದಾಟಿದ ಮೇಲೆ ಗೊತ್ತಾದರೆ ಬಂದ ದಾರಿಯಲ್ಲೇ ವಾಪಸ್ಸು ಬರಬೇಕು, ಸಂಜೆಯೊಳಗೆ ಚಾರ್ಮಾಡಿ ಸಿಗದೇ ಹೋದರೆ ಆ ರಾತ್ರಿ ಮಲೆನಾಡಿನಲ್ಲೇ ಉಳಿಯಬೇಕು.